ಕೊಂಬು ಹೋಗಿ ಗುಡಿಸು ಬಂತು

ಕೊಂಬಕ್ಕ ಊಟದ ಡಬ್ಬಿಯ ಮುಚ್ಚಳ ತೊಳೆಯುತ್ತಿದ್ದಳು. ಮುಚ್ಚಳವನ್ನು ಮಾತ್ರ. ಡಬ್ಬಿ ಅಟ್ಟ ಸೇರಿ ವರ್ಷವಾಗಿತ್ತು. ಸೈಕಲ್ಲಿನ ಬ್ಯಾಟರಿಯನ್ನು ಕಳಚಿ ಟವೆಲ್ಲಿನಲ್ಲಿ ಸುತ್ತಿ, ಮೇಲೆ ಈ ಮುಚ್ಚಳ ಕೂರಿಸಿ ಗಂಟು ಕಟ್ಟಿದರೆ ನೋಡಿದವರು ಬುತ್ತಿ ಎನ್ನಬೇಕು. ಆಫೀಸಿನಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು. "ಅಷ್ಟು ಉಣ್ಣೋರು ಇಷ್ಟು ಸಣ್ಣಗೆ ಹೇಗಿದ್ದೀರಿ?" ಎಂದು ಗುಟ್ಟು ಕೇಳುವವರೂ ಇದ್ದರು. ಅವಳ ನಿಜವಾದ ಊಟ ಎರಡು ಬಾಳೆಹಣ್ಣು, ಒಂದಿಷ್ಟು ಬ್ರೆಡ್ಡು. ಅದು ಚೀಲದ ಪಕ್ಕದ ಜೇಬಿನಲ್ಲಿ ಟಿಕೆಟ್ಟಿಲ್ಲದ ಪ್ರಯಾಣಿಕನ ಹಾಗೆ ಮುದುಡಿ ಕೂತಿರುತ್ತಿತ್ತು.

ಅವಳ ಕೆಲಸ 'ತುಳಿತ' ಎಂಬ ಸೈಕಲ್ ಮಾಸಪತ್ರಿಕೆಯಲ್ಲಿ ಕರಡು ತಿದ್ದುವುದು. ಬಿಟ್ಟುಹೋದ ಕೊಂಬು, ಎಳೆಯದ ದೀರ್ಘ, ಹಾರಿಹೋದ ಒತ್ತಕ್ಷರ, ಎಲ್ಲವನ್ನೂ ಹೇನು ಹೆಕ್ಕಿದ ಹಾಗೆ ಹೆಕ್ಕುತ್ತಿದ್ದುದರಿಂದಲೇ ಆಫೀಸಿನವರು ಆ ಹೆಸರಿಟ್ಟಿದ್ದರು. ಪತ್ರಿಕೆಯ ಸಂಪಾದಕರ ಪ್ರಕಾರ ಸೈಕಲ್ಲೆಂದರೆ ಕಾಲಿನ ಬಲದಿಂದ ಓಡುವಂಥದ್ದು. ಬ್ಯಾಟರಿ ಸೈಕಲ್ಲು ಸೀಟು ಕಟ್ಟಿದ ಟೇಬಲ್ ಫ್ಯಾನು. ಈ ಮಾತನ್ನು ಅವರು ಕೊನೆಯ ಪುಟದಲ್ಲಿ ತಿಂಗಳಿಗೊಂದು ಬಗೆಯಲ್ಲಿ ಬರೆಯುತ್ತಿದ್ದರು. ಆಫೀಸಿನ ಗೇಟಿಗೆ "ಬ್ಯಾಟರಿ ಹೊರಗೆ" ಎಂದು ಬೋರ್ಡು ಹಾಕಿಸಿದ್ದರು. ಇಲ್ಲಿ ಕೆಲಸ ಮಾಡುವವರು ತುಳಿದೇ ಬರಬೇಕು, ಇಲ್ಲವೇ ನಡೆದು ಬರಬೇಕು. ಬ್ಯಾಟರಿ ಹತ್ತಿ ಬಂದವರು ಅದೇ ಬ್ಯಾಟರಿ ಹತ್ತಿ ವಾಪಸು ಹೋಗಬಹುದು, ನಾಳೆಯಿಂದ ಬರಬೇಕಾಗಿಲ್ಲ.

ಕೊಂಬಕ್ಕ ದಿನವೂ ಬ್ಯಾಟರಿ ಹತ್ತಿಯೇ ಬರುತ್ತಿದ್ದಳು. ಪ್ರತಿ ತಿಂಗಳೂ ಆ ಕೊನೆಯ ಪುಟವನ್ನು ತಿದ್ದುವವಳೂ ಅವಳೇ. ತನ್ನನ್ನೇ ಬೈದ ಬೈಗುಳದ ಕಾಗುಣಿತ ಸರಿಮಾಡಿ, ಅಲ್ಪವಿರಾಮ ಹಾಕಿ, ಇನ್ನಷ್ಟು ಚೂಪು ಮಾಡಿ ಕಳಿಸುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು?

ಅಡುಗೆಮನೆಯ ಬಾಗಿಲಲ್ಲಿ ಗಂಡ ನಿಂತು ಮುಚ್ಚಳವನ್ನೂ ಅವಳನ್ನೂ ನೋಡಿದ.

"ಮಂಡಿ ನೋವು ಅಂತೀಯ. ಸುಮ್ನೆ ಮನೇಲಿ ಇರೋದು ಬಿಟ್ಟು ಇದೆಲ್ಲ ಯಾಕೆ ಬೇಕು? ಆ ಸೈಕಲ್ ಬಂದ ಮೇಲೆ ನಿಂಗೆ ಕೊಂಬು ಬಂದಿದೆ."

"ಬಂದಿದೆ, ಎರಡು. ಅದಕ್ಕೆ ಹ್ಯಾಂಡಲ್ ಅಂತಾರೆ."

ಮದುವೆಯಾದಾಗಿನಿಂದ ಅವಳು ಲೋಕವನ್ನು ನೋಡಿದ್ದು ಗಂಡನ ಸ್ಕೂಟರಿನ ಹಿಂದೆ ಕೂತು, ಅವನ ಬೆನ್ನಿನ ಎಡಬಲಕ್ಕೆ ಇಣುಕಿ. ಎಲ್ಲಿಗೆ ಹೋಗಬೇಕೆಂದರೂ ಮೊದಲು ಅವನ ಮುಖ ನೋಡಬೇಕು. "ಈಗಲೇ ಹೋಗ್ಬೇಕಾ?" ಎಂಬ ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ಹೋಗುವ ಮನಸ್ಸೇ ಹೋಗಿರುತ್ತಿತ್ತು. ಈ ಸೈಕಲ್ಲು ಕೊಂಡ ದಿನದಿಂದ ಯಾರ ಮುಖವನ್ನೂ ನೋಡಿರಲಿಲ್ಲ. ಮೋಟಾರು ಬರೀ ಮಂಡಿಗೆ ಆಸರೆಯಾಗಿದ್ದರೆ ಅವಳು ಇಷ್ಟು ಸುಳ್ಳು ಹೇಳುತ್ತಿರಲಿಲ್ಲ.

ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಮೀಟರ್ ಮಾವ.

ಕರೆಂಟಿನ ಮೀಟರ್ ಓದುವ ಕೆಲಸದಿಂದ ನಿವೃತ್ತರಾದ ಈ ಮಾವ ಕಟ್ಟಡದ ಬ್ಯಾಟರಿ ಸೈಕಲ್ ಬಳಗದ ಅಧ್ಯಕ್ಷರು. ಬೇಸ್‌ಮೆಂಟಿನಲ್ಲಿ ಸೈಕಲ್ಲುಗಳಿಗೆ ಚಾರ್ಜ್ ಹಾಕುವ ಕೋಣೆಯ ಬೀಗದ ಕೈ ಅವರ ಸೊಂಟದಲ್ಲೇ ಇರುತ್ತಿತ್ತು. ಬಳಗದವರೆಲ್ಲರ ಪರಮಶತ್ರು 'ತುಳಿತ' ಪತ್ರಿಕೆ. ಮಾವ ಅದರ ಪ್ರತಿ ಸಂಚಿಕೆಯಲ್ಲೂ ಬೈಗುಳಕ್ಕೆ ಕೆಂಪು ಗೆರೆ, ಹೊಗಳಿಕೆಗೆ ಹಸಿರು ಗೆರೆ ಎಳೆಯುತ್ತಿದ್ದರು. ಹಸಿರು ಪೆನ್ನು ಇಷ್ಟು ವರ್ಷದಲ್ಲಿ ಒಂದೇ ಸಲ ಬಳಕೆಯಾಗಿತ್ತು. ಅದೂ ಒಂದು ಜಾಹೀರಾತಿಗೆ.

ತಾನು ಒಂದು ಪ್ರೆಸ್ಸಿನಲ್ಲಿ ಔಷಧದ ಡಬ್ಬಿಯೊಳಗಿನ ಚೀಟಿಗಳನ್ನು ತಿದ್ದುತ್ತೇನೆಂದು ಕೊಂಬಕ್ಕ ಕಟ್ಟಡದವರಿಗೆ ಹೇಳಿದ್ದಳು. ಆ ಚೀಟಿಯನ್ನು ಯಾರೂ ಓದುವುದಿಲ್ಲವಾದ್ದರಿಂದ ಯಾರೂ ಮುಂದೆ ಕೇಳಿರಲಿಲ್ಲ. ನಿಜ ಗೊತ್ತಾದರೆ ಬೇಸ್‌ಮೆಂಟಿನ ಬಾಗಿಲು ಮುಚ್ಚಿತು. ಸೈಕಲ್ಲಿನ ವಿಷಯ ಆಫೀಸಿಗೆ ಗೊತ್ತಾದರೆ ಕೆಲಸ ಹೋಯಿತು. ಸೈಕಲ್ಲಿಲ್ಲದೆ ಆ ಏರುದಾರಿಯ ಆಫೀಸಿಗೆ ಹೋಗಲಾಗದು, ಕೆಲಸವಿಲ್ಲದೆ ಸೈಕಲ್ಲು ಇಟ್ಟುಕೊಳ್ಳಲಾಗದು. ಒಂದು ಜಾರಿದರೆ ಇನ್ನೊಂದೂ ಜಾರಿ, ಅವಳು ಸ್ಕೂಟರಿನ ಹಿಂದಿನ ಸೀಟಿಗೇ ಬಂದು ಬೀಳಬೇಕು.

"ಓದಿ ತಾಯಿ" ಎಂದು ಮಾವ ಹೊಸ ಸಂಚಿಕೆಯ ಕೊನೆಯ ಪುಟವನ್ನು ಅವಳ ಮೂಗಿಗೆ ಹಿಡಿದರು. ಕೆಂಪು ಗೆರೆ ಕಾಗದ ಹರಿಯುವಷ್ಟು ಒತ್ತಿ ಎಳೆದದ್ದು. "ಜೋರಾಗಿ ಓದಿ."

"ತಿಳಿಯದವರೆಲ್ಲ ಇಂದು ಬ್ಯಾಟರಿ ಸೈಕಲ್ ಹತ್ತಿ ಮೆರೆಯುತ್ತಿದ್ದಾರೆ."

ಓದಿ ಮುಗಿಸುವ ಮೊದಲೇ ಅವಳ ಕೈಯಲ್ಲಿದ್ದ ಮುಚ್ಚಳ ಜಾರಿ ನೆಲದ ಮೇಲೆ ಗರಗರ ತಿರುಗಿತು. ಸಂಪಾದಕರು ಬರೆದದ್ದು 'ತುಳಿಯದವರೆಲ್ಲ' ಎಂದು. ಕೊಂಬು ಹೋಗಿ ಗುಡಿಸು ಬಂದಿತ್ತು. ಅದನ್ನು ಹಿಡಿಯಬೇಕಾಗಿದ್ದವಳು ಇವಳು.

"ತುಳಿಯದವರು ಅಂತ ಬೈತಿದ್ರು, ಸಹಿಸ್ಕೊಂಡ್ವಿ" ಎಂದರು ಮಾವ. "ಅದಕ್ಕೆ ನಮ್ಮ ಹತ್ರ ಉತ್ತರ ಇತ್ತು. ತುಳಿದ್ರೇನೇ ಮೋಟಾರು ಓಡೋದು ಸ್ವಾಮಿ, ಬಂದು ನೋಡಿ ಅಂತಿದ್ವಿ. ಈಗ ತಿಳಿಯದವರಂತೆ. ದಡ್ಡರಂತೆ. ನಮ್ಮ ಬಳಗದಲ್ಲಿ ಹಲ್ಲಿನ ಡಾಕ್ಟರಿದ್ದಾರೆ, ಲೆಕ್ಕದ ಮೇಷ್ಟ್ರಿದ್ದಾರೆ. ಇವತ್ತು ಎಲ್ಲ ಸೇರಿ ಆ ಆಫೀಸಿಗೇ ಹೋಗ್ತಿದ್ದೀವಿ. ನೀವೂ ಬರ್ಬೇಕು."

"ನಂಗೆ ಕೆಲಸ ಇದೆ ಮಾವ."

"ಔಷಧಿ ಚೀಟಿ ಒಂದಿನ ತಡ ಆದ್ರೆ ಯಾವ ರೋಗಿ ಅಳ್ತಾನೆ? ಒಬ್ಬರಾದ್ರೂ ಹೆಂಗಸರು ಮುಂದೆ ನಿಂತ್ರೆ ಆ ಮನುಷ್ಯ ಬಾಯಿ ಬಿಗಿ ಹಿಡೀತಾನೆ."

"ನಾನು ನೇರವಾಗಿ ಅಲ್ಲಿಗೇ ಬರ್ತೀನಿ" ಎಂದಳು ಕೊಂಬಕ್ಕ. ಆ ಕಟ್ಟಡದಲ್ಲಿ ಇಷ್ಟು ನಿಜವಾದ ಮಾತನ್ನು ಅವಳು ಈವರೆಗೆ ಆಡಿರಲಿಲ್ಲ.

"ಅದು ಮಾತು. ಹಾಂ, ನಿಮ್ಮ ಚಾರ್ಜರ್ರಿಗೆ ನಿನ್ನೆ ಒಂದು ಪೀಪಿ ಕೂರಿಸಿದ್ದೀನಿ. ಬ್ಯಾಟರಿ ತುಂಬಿದ ತಕ್ಷಣ ಕೂಗುತ್ತೆ. ನಿಮಗೆ ಮರೆವು ಜಾಸ್ತಿ."

ಅವಳು ಕೇಳಿಸಿಕೊಂಡಳು. ಅಲ್ಲೇ ಮರೆತಳು.

ಏರುದಾರಿ ಶುರುವಾಗುವಲ್ಲಿ ಎಂದಿನಂತೆ ಮೋಟಾರು ಕಾಲಿನ ಕೆಳಗೆ ಸಣ್ಣಗೆ ಗುನುಗಿತು. ಈ ಗುನುಗು ಕೇಳಿದಾಗಲೆಲ್ಲ ಬೆನ್ನಿಗೆ ಯಾರೋ ಅಂಗೈ ಇಟ್ಟು "ಹೋಗು, ನಾನಿದ್ದೀನಿ" ಅಂದ ಹಾಗಾಗುತ್ತಿತ್ತು ಅವಳಿಗೆ. ಹಾಗೆ ಹೇಳಬೇಕಾದ ಕೈಗಳು ಬೇರೆ ಕೆಲಸದಲ್ಲಿದ್ದವು, ಇರಲಿ. ಇವತ್ತು ಮಾತ್ರ ಆ ಗುನುಗಿನಲ್ಲೂ 'ತು, ತಿ, ತು, ತಿ' ಎಂದೇ ಕೇಳಿಸಿತು. ಆ ಕರಡು ಓದಿದ ದಿನವನ್ನು ನೆನಪಿಸಿಕೊಂಡಳು. ಮೇಜಿನ ಕೆಳಗೆ ಚಾರ್ಜಾಗುತ್ತಿದ್ದ ಬ್ಯಾಟರಿಯ ದೀಪ ಹಸಿರಾಯಿತೇ ಎಂದು ಬಗ್ಗಿ ನೋಡಿದ್ದು ನಿಜ. ಕಣ್ಣು ತಪ್ಪಿದ್ದು ಆಗಲೇ ಇರಬೇಕು. ಅಥವಾ ಕಣ್ಣು ಕಂಡರೂ ಕೆಂಪು ಪೆನ್ನು ಹಿಡಿದ ಕೈ ಏಳಲಿಲ್ಲವೇ? ವರ್ಷವಿಡೀ ತನ್ನನ್ನೇ ಬೈದ ಬೈಗುಳ ತಿದ್ದಿದ ಕೈ, ಅದಕ್ಕೂ ಒಂದು ದಿನ ಬೇಸರ ಬಂದಿದ್ದರೆ? ಏರು ಮುಗಿಯುವವರೆಗೂ ಉತ್ತರ ಸಿಗಲಿಲ್ಲ.

ಆಫೀಸಿನ ಹಿಂದಿನ ಬೀದಿಯ ಲಾಂಡ್ರಿಯ ಹಿತ್ತಲಲ್ಲಿ ಸೈಕಲ್ ನಿಲ್ಲಿಸಿ, ಬ್ಯಾಟರಿ ಕಳಚಿ ಬುತ್ತಿ ಕಟ್ಟಿಕೊಂಡು ಅವಳು ಒಳಗೆ ಹೋದಳು. ಕೈ ತನ್ನಷ್ಟಕ್ಕೆ ಚೀಲದಿಂದ ಚಾರ್ಜರ್ ತೆಗೆದು ಮೇಜಿನ ಕೆಳಗೆ ಸಿಕ್ಕಿಸಿತು. ಆಮೇಲೆ ಸೀದಾ ಸಂಪಾದಕರ ಕೋಣೆಗೆ ಹೋದಳು. ಯಾರಾದರೂ ಹೇಳುವ ಮೊದಲು ತಾನೇ ಹೇಳುವುದು ಲೇಸು.

ಸಂಪಾದಕರು ಗಿಡ್ಡ ಆಳು, ದೊಡ್ಡ ಮೀಸೆ. ಬೆನ್ನ ಹಿಂದಿನ ಗೋಡೆಗೆ ಅವರ ಯೌವನದ ರೇಸ್ ಸೈಕಲ್ಲು ಬೇಟೆಯಾಡಿದ ಜಿಂಕೆಯ ತಲೆಯ ಹಾಗೆ ತೂಗುತ್ತಿತ್ತು.

"ಸರ್, ಕೊನೆಯ ಪುಟದಲ್ಲಿ ಒಂದು ತಪ್ಪಾಗಿದೆ. ತುಳಿಯದವರು ಹೋಗಿ ತಿಳಿಯದವರು ಆಗಿದೆ. ಬ್ಯಾಟರಿಯವರು ಜಗಳಕ್ಕೆ ಬರ್ತಿದ್ದಾರಂತೆ."

ಬೈಯುತ್ತಾರೆ ಎಂದುಕೊಂಡಿದ್ದಳು. ಅವರ ಮೀಸೆ ಎರಡೂ ಕಡೆ ಮೇಲೆದ್ದಿತು.

"ಬರ್ತಿದ್ದಾರಾ? ಎಷ್ಟು ಜನ?"

"ಇಡೀ ಬಳಗ ಅಂತೆ."

"ನಿಮಗೆ ಹೇಗೆ ಗೊತ್ತಾಯ್ತು?"

"ದಾರೀಲಿ ಮಾತಾಡ್ಕೊಳ್ತಿದ್ರು."

"ಬರಲಿ. ಕ್ಯಾಮೆರಾ ತೆಗೆಸಿ. ಅಮ್ಮ, ನೀವು ನಿಮ್ಮ ಸೈಕಲ್ ಹಿಡ್ಕೊಂಡು ಗೇಟಲ್ಲಿ ನನ್ನ ಪಕ್ಕ ನಿಲ್ಲಿ. ಈ ವಯಸ್ಸಲ್ಲಿ ಈ ಏರು ತುಳಿದು ಬರ್ತೀರಿ, ಮುಖದಲ್ಲಿ ಒಂದು ಹನಿ ಬೆವರಿರಲ್ಲ. ಅವರಿಗೆ ನಾನು ಬಾಯಲ್ಲಿ ಉತ್ತರ ಕೊಡಬೇಕಾಗೇ ಇಲ್ಲ."

"ನನ್ನ ಸೈಕಲ್ ಪಂಕ್ಚರ್ ಆಗಿದೆ ಸರ್."

"ಆಗಲಿ. ನನ್ನದನ್ನೇ ಇಳಿಸಿ."

ಪುಟ ಕಟ್ಟುವ ಹುಡುಗಿಯೂ ಕೊಂಬಕ್ಕನೂ ಕುರ್ಚಿ ಹತ್ತಿ ಗೋಡೆಯ ಸೈಕಲ್ಲನ್ನು ಇಳಿಸಿದರು. ಅದರ ಜೊತೆಗೆ ಜೇಡವೊಂದು ಸಂಸಾರ ಸಮೇತ ಇಳಿಯಿತು. ಚಕ್ರಗಳಲ್ಲಿ ಗಾಳಿ ಹೋಗಿ ಯಾವ ಕಾಲವಾಗಿತ್ತೋ, ತಳ್ಳಿದರೆ ಮುಷ್ಕರ ಹೂಡಿದ ಎಮ್ಮೆಯಂತೆ ನಿಂತುಬಿಟ್ಟಿತು. ಇಬ್ಬರೂ ಹೊತ್ತುಕೊಂಡೇ ಗೇಟಿಗೆ ತಂದರು.

ಅಷ್ಟರಲ್ಲಿ ಬಳಗ ಬಂದೇಬಿಟ್ಟಿತು. ಸದ್ದಿಲ್ಲದೆ, ಹಾಲಿನ ವಾಸನೆ ಹಿಡಿದ ಬೆಕ್ಕುಗಳ ಹಿಂಡಿನ ಹಾಗೆ, ಏರು ಹತ್ತಿ ಬಂದು ಗೇಟಿನ ಮುಂದೆ ಸಾಲಾಗಿ ನಿಂತಿತು. ಮುಂದಿನ ಸೈಕಲ್ಲಿಗೆ ಕಟ್ಟಿದ ಬಟ್ಟೆಯ ಮೇಲೆ "ತಿಳಿದಿದ್ದೇವೆ, ತುಳಿಯುತ್ತಿದ್ದೇವೆ" ಎಂದು ಬರೆದಿತ್ತು. ಕಾಗುಣಿತ ಸರಿಯಾಗಿದೆ ಎಂದು ಕೊಂಬಕ್ಕನ ಕಣ್ಣು ತಾನಾಗಿ ನೋಡಿಕೊಂಡಿತು.

"ಬ್ಯಾಟರಿ ಹೊರಗೆ" ಎಂದರು ಸಂಪಾದಕರು. "ಬೋರ್ಡು ಓದೋಕೆ ಬರುತ್ತಲ್ಲ? ಬರದಿದ್ರೆ ನಾವು ಬರೆದದ್ದೇ ಸರಿ."

"ಓದೋಕೆ ಬರುತ್ತೆ" ಎಂದರು ಹಲ್ಲಿನ ಡಾಕ್ಟರು. "ಓದೋದಿಲ್ಲ ಅಷ್ಟೇ. ನಿಮ್ಮ ಪತ್ರಿಕೆ ನಾನು ಕೈಯಲ್ಲೂ ಮುಟ್ಟಲ್ಲ."

"ಮುಟ್ಟದೆ ಆ ಸಾಲು ಹೇಗೆ ಸಿಕ್ತು?"

"ಕ್ಲಿನಿಕ್ಕಲ್ಲಿ ಇಟ್ಟಿರ್ತೀವಿ. ರೋಗಿಗಳಿಗೆ ಹಲ್ಲುನೋವು ಮರೆಯೋಕೆ."

"ಮರೆಯುತ್ತಲ್ಲ? ಸಂತೋಷ."

"ಮರೆಯುತ್ತೆ. ತಲೆನೋವು ಶುರುವಾಗುತ್ತೆ."

ಮೀಟರ್ ಮಾವ ಆಗ ಕೊಂಬಕ್ಕನನ್ನು ಕಂಡರು. ಸಂಪಾದಕರ ಪಕ್ಕದಲ್ಲಿ, ಅವರ ಸೈಕಲ್ಲನ್ನೇ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದವಳನ್ನು ನೋಡಿ ಅವರ ಎದೆ ಉಬ್ಬಿತು.

"ನೋಡಿ, ನೋಡಿ ನಮ್ಮ ಹೆಂಗಸರನ್ನ. ನಮಗಿಂತ ಮುಂಚೆ ಬಂದು ಆತನ ಸೈಕಲ್ಲೇ ವಶ ಮಾಡ್ಕೊಂಡಿದ್ದಾರೆ."

"ನಿಮ್ಮ ಹೆಂಗಸರಾ?" ಸಂಪಾದಕರು ನಕ್ಕರು. "ಇವರು ನಮ್ಮವರು. ದಿನಾ ಈ ಏರು ತುಳಿದು ಬರೋರು."

"ತುಳಿದೇ ಬರ್ತಾರೆ, ಯಾರು ಇಲ್ಲ ಅಂದ್ರು? ನಮ್ಮ ಮೂರನೇ ಮಹಡಿಯವರು."

"ನಮ್ಮ ಎರಡನೇ ಮೇಜಿನವರು."

"ನೀವೇ ಹೇಳಿ ತಾಯಿ."

"ಹೇಳಿ ಅಮ್ಮ, ಸುಮ್ನೆ ಯಾಕೆ ನಿಂತಿದ್ದೀರಿ?"

ಕೊಂಬಕ್ಕ ಏನಾದರೊಂದು ಹೇಳಲೇಬೇಕೆಂದು ಹ್ಯಾಂಡಲನ್ನು ಬಿಗಿ ಹಿಡಿದಳು. ಅದು ಬುಡಸಮೇತ ಕಿತ್ತು ಕೈಗೆ ಬಂತು. ಉಳಿದ ಸೈಕಲ್ಲು ಸಂಪಾದಕರ ಪಾದದ ಮೇಲೆ ಮೆಲ್ಲಗೆ ಒರಗಿತು. ಎರಡು ಕೊಂಬುಗಳನ್ನು ಎದೆಗವಚಿಕೊಂಡು ಅವಳು ನಿಂತಿದ್ದಾಗಲೇ ಒಳಗಿನಿಂದ ಆ ಸದ್ದು ಬಂತು. ಪೀಂ, ಪೀಂ, ಪೀಂ. ಗಂಟಲು ಕಟ್ಟಿದ ಹಕ್ಕಿಮರಿಯೊಂದು ಹಟ ಹಿಡಿದು ಕೂಗಿದ ಹಾಗೆ.

ಒಳಗೆ ಓಡಿದ್ದ ಪುಟ ಕಟ್ಟುವ ಹುಡುಗಿ ಗಂಟನ್ನು ಕೈಯಳತೆ ದೂರಕ್ಕೆ ಹಿಡಿದು ಬಂದಳು. ಚಾರ್ಜರ್ ಅದರ ಬಾಲದಂತೆ ನೇತಾಡುತ್ತಿತ್ತು. ಪೀಪಿಗೆ ಮಾವ ಇಟ್ಟಿದ್ದ ಸಣ್ಣ ಸೆಲ್ಲು ಪ್ಲಗ್ಗು ಕಿತ್ತರೂ ಅದರ ಉಸಿರು ನಿಲ್ಲಲು ಬಿಡಲಿಲ್ಲ.

"ಅಕ್ಕಾ, ನಿಮ್ಮ ಬುತ್ತಿ ಕೂಗ್ತಿದೆ."

ಹುಡುಗಿ ಮುಚ್ಚಳ ತೆಗೆದಳು. ಟವೆಲ್ಲು ಬಿಚ್ಚಿಕೊಂಡಿತು. ಬ್ಯಾಟರಿ ಹಸಿರು ದೀಪ ಬೆಳಗಿಸಿಕೊಂಡು ಎಲ್ಲರನ್ನೂ ನೋಡಿತು.

"ಇದು ನನ್ನ ಪೀಪಿ" ಎಂದರು ಮಾವ, ಬಹಳ ನಿಧಾನವಾಗಿ. "ನನ್ನ ಪೀಪಿ ಇವರ ಆಫೀಸಲ್ಲಿ ಏನು ಮಾಡ್ತಿದೆ? ತಾಯಿ, ಔಷಧಿ ಚೀಟಿ ಅಂದ್ರಿ."

"ಇದು ನನ್ನ ಕರೆಂಟು" ಎಂದರು ಸಂಪಾದಕರು, ಪಾದ ತಿಕ್ಕಿಕೊಳ್ಳುತ್ತ. "ನನ್ನ ಕರೆಂಟಲ್ಲಿ ಬ್ಯಾಟರಿ ತುಂಬ್ತಿತ್ತಾ? ಬುತ್ತಿ ಅಂದ್ರಿ."

ಇಬ್ಬರೂ ಒಟ್ಟಿಗೆ ಅವಳ ಕಡೆ ತಿರುಗಿದರು. ಆ ನೋಟ ಅವಳಿಗೆ ಗೊತ್ತಿತ್ತು. "ಈಗಲೇ ಹೋಗ್ಬೇಕಾ?" ಎಂದು ಕೇಳುವಾಗ ಗಂಡನ ಮುಖದಲ್ಲಿ ಇರುತ್ತಿದ್ದುದು ಇದೇ. ಎದೆಯೊಳಗೆ ಏನೋ ಸರಕ್ಕನೆ ಜಾರಿ ಸರಿಯಾದ ಗೇರಿಗೆ ಬಿತ್ತು. ಹೋಗುವುದೇ ಆದರೆ ತಲೆ ತಗ್ಗಿಸಿ ಯಾಕೆ ಹೋಗಬೇಕು?

"ಹೌದು" ಎಂದಳು. "ಬ್ಯಾಟರಿ ನಂದು. ಸೈಕಲ್ ನಂದು. ಕೆಲಸ ಇಲ್ಲೇ. ತು ಹೋಗಿ ತಿ ಆಗಿದ್ದನ್ನ ಬಿಟ್ಟವಳೂ ನಾನೇ. ಸರ್, ತುಳಿಯದವರು ಅಂತ ನೀವು ಬರೀತೀರಿ. ನಾನು ದಿನಾ ತುಳೀತೀನಿ. ನಿಮ್ಮ ಸೈಕಲ್ಲಿನ ಹ್ಯಾಂಡಲ್ ನನ್ನ ಕೈಯಲ್ಲಿದೆ, ನೀವೇ ನೋಡಿ. ಗೋಡೆ ಹತ್ತೋಕೆ ಕಾಲು ಬೇಡ, ಮೊಳೆ ಸಾಕು. ಏರು ಹತ್ತೋದು ಬೇರೆ."

ಮಾವ ಚಪ್ಪಾಳೆ ತಟ್ಟಲು ಕೈ ಎತ್ತಿದರು.

"ನೀವು ಕೈ ಇಳಿಸಿ ಮಾವ. ನಿಮ್ಮವರು ಪತ್ರಿಕೆ ಮುಟ್ಟಲ್ಲ ಅಂತಾರೆ, ನೀವು ಅಚ್ಚಿನ ವಾಸನೆ ಆರೋ ಮುಂಚೆ ಕೆಂಪು ಗೆರೆ ಹಾಕಿರ್ತೀರಿ. ಅವರು ಬೈದ್ರೆ ಉರೀತೀರಿ, ಬೈಯದಿದ್ರೆ ಇನ್ನೂ ಉರೀತೀರಿ. ನಿಮ್ಮಿಬ್ಬರ ಜಗಳದ ಮಧ್ಯೆ ಒಬ್ಬಳು ಸುಮ್ಮನೆ ಸೈಕಲ್ ಹೊಡ್ಕೊಂಡು ಕೆಲಸಕ್ಕೆ ಹೋಗ್ಬೇಕು ಅಂದ್ರೆ ವರ್ಷವಿಡೀ ಮುಚ್ಚಳ ತೊಳೀಬೇಕಾಯ್ತು. ಇನ್ನು ತೊಳೆಯಲ್ಲ. ಯಾರು ಕೆಲಸದಿಂದ ತೆಗೀತೀರೋ ತೆಗೀರಿ, ಯಾರು ಬೀಗ ಹಾಕ್ತೀರೋ ಹಾಕಿ. ಆದ್ರೆ ನಾನು ನಡೆದು ಹೋಗಲ್ಲ, ಯಾರ ಹಿಂದೇನೂ ಕೂತ್ಕೊಳ್ಳಲ್ಲ."

ಹ್ಯಾಂಡಲನ್ನು ಸಂಪಾದಕರ ಕೈಗೆ ಕೊಟ್ಟು, ಬ್ಯಾಟರಿಯನ್ನು ಟವೆಲ್ಲಿಲ್ಲದೆ ಬರಿಗೈಯಲ್ಲಿ ಎತ್ತಿಕೊಂಡು ಒಳಗೆ ನಡೆದಳು. ಪೀಪಿ ಮೆರವಣಿಗೆಯ ವಾದ್ಯದಂತೆ ಅವಳ ಹಿಂದೆ ಕೂಗುತ್ತ ಹೋಯಿತು.

ಮೇಜಿನ ಮೇಲಿನ ಕೆಂಪು ಪೆನ್ನನ್ನು ಚೀಲಕ್ಕೆ ಹಾಕುತ್ತಿದ್ದಾಗ ಸಂಪಾದಕರು ಕರೆಸಿದರು. ಗೇಟಿನ ಗಲಾಟೆ ತಣ್ಣಗಾಗಿತ್ತು.

"ಬಾಗಿಲು ಹಾಕಿ."

"ಕೆಲಸ ನಾನೇ ಬಿಟ್ಟೆ ಅಂತ ಬರೀಬೇಕಾ, ನೀವೇ ತೆಗೀತೀರಾ?"

"ಕೂತ್ಕೊಳ್ಳಿ ಮೊದಲು. ಆ ತಿಳಿಯದವರು ಇತ್ತಲ್ಲ, ಅಚ್ಚಿಗೆ ಹೋಗೋ ಮುಂಚೇನೇ ನಾನು ನೋಡಿದ್ದೆ."

"ನೋಡಿ?"

"ನೋಡಿ ಸುಮ್ಮನಿದ್ದೆ. ತುಳಿಯದವರು ಅಂತ ಬೈದೂ ಬೈದೂ ಆ ಮಾತು ಬೋಳು ಟಯರಿನ ಥರ ಸವೆದುಹೋಗಿತ್ತು. ನಮ್ಮ ಪತ್ರಿಕೆ ಕೊಳ್ಳೋರು ಯಾರು ಅಂದ್ಕೊಂಡಿದ್ದೀರಿ? ತುಳಿಯೋರಾ? ಅವರಿಗೆ ತುಳಿದು ಸುಸ್ತಾಗಿ ನಿದ್ದೆ ಬರುತ್ತಮ್ಮ, ಓದೋದೆಲ್ಲಿ. ಓದೋರೆಲ್ಲ ಬ್ಯಾಟರಿಯವರೇ. ಒಬ್ಬೊಬ್ಬರು ಎರಡೆರಡು ಪ್ರತಿ ತಗೋತಾರೆ, ಒಂದು ಓದೋಕೆ, ಒಂದು ಸಭೇಲಿ ಹರಿಯೋಕೆ. ಅವರು ಕೋಪ ಮಾಡ್ಕೊಳ್ಳೋದು ಬಿಟ್ರೆ ನಾನು ಅಂಗಡಿ ಮುಚ್ಚಬೇಕು."

ಕೊಂಬಕ್ಕ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಇನ್ನು ಮುಂದೆ ಕೊನೆಯ ಪುಟ ನೀವು ಬರೀಬೇಕು. ನನ್ನ ಹೆಸರಲ್ಲೇ. ಎಲ್ಲಿ ಚುಚ್ಚಿದ್ರೆ ಎಲ್ಲಿ ಉರಿಯುತ್ತೆ ಅನ್ನೋದು ಹತ್ತಿ ಓಡಿಸೋರಿಗೇ ಗೊತ್ತು. ನೀವು ಶತ್ರುಗಳ ಒಳಗೆ ಹೊಕ್ಕು ವಿಷಯ ತರೋಕೆ ನಾನೇ ಕಳಿಸಿದ ಗೂಢಚಾರಿಣಿ ಅಂತ ಆಫೀಸಿನವರಿಗೆಲ್ಲ ಹೇಳಿಯಾಯ್ತು."

"ಬರೆಯಲ್ಲ ಅಂದ್ರೆ?"

"ಗೇಟಿನ ಬೋರ್ಡು ಗೊತ್ತಲ್ಲ."

"ಸೈಕಲ್ಲು?"

"ಬುತ್ತಿ ಬುತ್ತಿಯಾಗೇ ಬರಲಿ. ಹೊರಗಿನವರು ನೋಡಿದ್ರೆ ನನ್ನ ಮಾನ ಹೋಗುತ್ತೆ. ಸೈಕಲ್ಲನ್ನ ಆ ಲಾಂಡ್ರಿ ಹಿತ್ತಲಲ್ಲೇ ನಿಲ್ಲಿಸಿ."

"ಲಾಂಡ್ರಿ ವಿಷಯ ನಿಮಗೆ ಹೇಗೆ..."

"ನನ್ನ ಅಂಗಿಗಳಿಗೆ ಎಲ್ಲಿ ಇಸ್ತ್ರಿ ಆಗುತ್ತೆ ಅಂದ್ಕೊಂಡ್ರಿ?" ಎಂದು ಸಂಪಾದಕರು ಮೀಸೆ ತೀಡಿದರು. "ಮೊದಲ ಸಾಲು ನಾನು ಹೇಳ್ತೀನಿ, ಬರ್ಕೊಳ್ಳಿ. 'ಬ್ಯಾಟರಿ ಸೈಕಲ್ಲನ್ನು ನಾನು ಎಂದೂ ತುಳಿದವನಲ್ಲ.' ಹೇಗಿದೆ? ಗತ್ತು ಇದೆಯಲ್ಲ? ಅಲ್ಲಿಂದ ನೀವು ಎಳ್ಕೊಂಡು ಹೋಗಿ. ಮತ್ತೆ ಒಂದು ಮಾತು, ಇದು ನಮ್ಮಿಬ್ಬರಲ್ಲೇ ಇರಲಿ. ಆ ಮೀಟರಿನವನಿಗೆ ಸುಳಿವು ಸಿಗಬಾರದು."

ಸಂಜೆ ಲಾಂಡ್ರಿಯ ಹಿತ್ತಲಿಗೆ ಹೋದರೆ, ಅವಳ ಸೈಕಲ್ಲಿನ ಕ್ಯಾರಿಯರ್ ಮೇಲೆ ಮೀಟರ್ ಮಾವ ಕೂತಿದ್ದರು.

"ಬಳಗದವರಿಗೆ ಹೇಳಿದ್ದೀನಿ ತಾಯಿ. ನಿಮ್ಮನ್ನ ಆ ಪತ್ರಿಕೆಯೊಳಗೆ ಸೇರಿಸಿದ್ದೇ ನಾನು ಅಂತ. ನಮ್ಮ ಗೂಢಚಾರಿಣಿ ಅಂತ. ಏನು ಮರ್ಯಾದೆ ಕೊಟ್ರು ಗೊತ್ತಾ ನನಗೆ."

"ನನಗೆ ಅಲ್ವಾ?"

"ನಿಮಗೂ ಕೊಡ್ತಾರೆ, ನಿಧಾನಕ್ಕೆ. ಈಗ ಕೆಲಸದ ಮಾತು. ಆತನ ಬೈಗುಳಕ್ಕೆ ತಿಂಗಳು ತಿಂಗಳು ನನ್ನ ಹೆಸರಲ್ಲಿ ಒಂದು ಖಂಡನೆ ಹೋಗ್ಬೇಕು. ಬೆಂಕಿ ಥರ ಇರ್ಬೇಕು. ನಮ್ಮಲ್ಲಿ ಎಲ್ಲರಿಗೂ ಕೋಪ ಬರುತ್ತೆ, ಬರೆಯೋಕೆ ಯಾರಿಗೂ ಬರಲ್ಲ. ನೀವೇ ಬರ್ಕೊಡಿ."

"ಆ ಪತ್ರಿಕೆ ತರಿಸೋದೇ ನಿಲ್ಲಿಸಿಬಿಟ್ರೆ ಬೈಗುಳವೂ ಇಲ್ಲ, ಖಂಡನೆಯೂ ಇಲ್ಲ ಮಾವ."

ಮೀಟರ್ ಮಾವ ಅವಳನ್ನು ಮಗುವನ್ನು ನೋಡಿದಂತೆ ನೋಡಿದರು. "ನಿಲ್ಲಿಸಿದ್ರೆ ಭಾನುವಾರ ನಾವೆಲ್ಲ ಸೇರಿ ಏನು ಮಾಡೋದು? ಬರೀ ಸೈಕಲ್ ಹೊಡೀಬೇಕಾ?"

ಸೊಂಟದ ಬೀಗದ ಕೈ ಸುಮ್ಮನೆ ಮಾತಿಗೆ ತಾಳ ಹಾಕುವ ಹಾಗೆ ಗಣಗಣ ಎಂದಿತು. "ಬೇಸ್‌ಮೆಂಟು ಎಂದಿನ ಹಾಗೇ ತೆರೆದಿರುತ್ತೆ. ಆ ಮೀಸೆಯವನಿಗೆ ಮಾತ್ರ ಇದು ಗೊತ್ತಾಗಬಾರದು."

ಮನೆಗೆ ಬಂದು ಚೀಲ ಇಳಿಸಿದಾಗ ಗಂಡ ಕೇಳಿದ, "ಯಾಕೆ ಮುಖ ಹೀಗಿದೆ? ಕೆಲಸ ಹೋಯ್ತಾ?"

"ಇಲ್ಲ. ಜಾಸ್ತಿ ಆಯ್ತು."

"ಸಂಬಳ?"

"ಅಷ್ಟೇ ಇದೆ."

"ನಾನು ಹೇಳಿರ್ಲಿಲ್ವಾ" ಎಂದು ಅವನು ಸಮಾಧಾನದಿಂದ ಟಿವಿಯ ಕಡೆ ತಿರುಗಿದ. ಅವನು ಏನು ಹೇಳಿದ್ದನೆಂದು ಕೊಂಬಕ್ಕನಿಗೆ ನೆನಪಾಗಲಿಲ್ಲ. ಅವನಿಗೂ ನೆನಪಿರಲಿಕ್ಕಿಲ್ಲ.

ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದು ತೊಳೆದಳು. ಬೆಳಿಗ್ಗೆ ಇಡೀ ಬೀದಿಯ ಮುಂದೆ ಇನ್ನು ತೊಳೆಯಲ್ಲ ಅಂದಿದ್ದ ಅದೇ ಮುಚ್ಚಳ. ತೊಳೆಯುವಾಗ ಒಮ್ಮೆ ನಗು ಬಂತು, ಒಮ್ಮೆ ಸಿಂಕಿಗೇ ಎಸೆಯಬೇಕೆನ್ನಿಸಿತು. ಮನೆಯಲ್ಲಿ ಗುಡಿಸು, ಆಫೀಸಿನಲ್ಲೂ ಗುಡಿಸು. ಬೆಳಿಗ್ಗೆ ಎರಡು ಕಡೆ ಸುಳ್ಳು ಹೇಳುತ್ತಿದ್ದ ಒಬ್ಬ ಸಾಮಾನ್ಯ ಹೆಂಗಸಾಗಿದ್ದಳು. ಸಂಜೆಗೆ ಎರಡು ಪಾಳಯದ ಗೂಢಚಾರಿಣಿಯಾಗಿದ್ದಳು. ಇನ್ನು ತಿಂಗಳು ತಿಂಗಳು ತನ್ನನ್ನು ತಾನೇ ಬೈದುಕೊಳ್ಳಬೇಕು, ತನಗೆ ತಾನೇ ಉತ್ತರ ಕೊಟ್ಟುಕೊಳ್ಳಬೇಕು. ಬೈದ ಹೆಸರು ಒಬ್ಬರದು, ಉತ್ತರದ ಹೆಸರು ಇನ್ನೊಬ್ಬರದು. ಅವಳದೆಂದು ಇರುವುದು ಕಾಗುಣಿತ ಮಾತ್ರ.

ಊಟದ ಮೇಜಿನ ಮೇಲೆ ಬಿಳಿ ಹಾಳೆ ಹರಡಿ, ಸಂಪಾದಕರು ಹೇಳಿದ ಮೊದಲ ಸಾಲನ್ನು ದುಂಡಗೆ ಬರೆದಳು.

ಬ್ಯಾಟರಿ ಸೈಕಲ್ಲನ್ನು ನಾನು ಎಂದೂ ತುಳಿದವನಲ್ಲ.

ಬರೆದು, ಅಭ್ಯಾಸಬಲದಿಂದ, ತಪ್ಪಿದೆಯೇ ಎಂದು ಮತ್ತೊಮ್ಮೆ ಓದಿದಳು. ತಪ್ಪಿರಲಿಲ್ಲ. ಆದರೆ ಕಣ್ಣು ಆ 'ತು'ವಿನ ಕೊಂಬಿನ ಮೇಲೆ ನಿಂತುಬಿಟ್ಟಿತು. ಬಲಕ್ಕೆ ಬಾಗಿ ಮೇಲಕ್ಕೆ ಚಾಚಿದ ಆ ಪುಟ್ಟ ಬಾಲದಲ್ಲೇ ಸಂಪಾದಕರ ಗತ್ತೆಲ್ಲ ಇತ್ತು. ಅದೊಂದು ಇಳಿದು, ಅಲ್ಲೊಂದು ಗುಡಿಸು ಬಂದು ಕೂತರೆ ವಾಕ್ಯ ಎಷ್ಟು ವಿನಯದಿಂದ ತಲೆಬಾಗುತ್ತದೆ. ಓದಿದ ಮಾವ ಅಟ್ಟದ ಮೇಲಿಟ್ಟ ಹಸಿರು ಪೆನ್ನು ಹುಡುಕಬೇಕಾದೀತು. ಆಮೇಲೆ ಭಾನುವಾರಕ್ಕೆ ಅವರೆಲ್ಲ ಬೇರೆ ಕೆಲಸ ನೋಡಿಕೊಳ್ಳಲಿ. ಸೈಕಲ್ ಹೊಡೆಯಲಿ.

ಈ ಪುಟವನ್ನು ಕೊನೆಯ ಸಲ ಓದುವವಳು ಅವಳೇ. ಅವಳು ಓದಿ ಆಯಿತೆಂದರೆ ಪುಟ ಅಚ್ಚಿಗೆ ಹೋಗುತ್ತದೆ. ಈ ಸಲ ಗುಡಿಸು ಸಂಪಾದಕರ ಮೇಜು ದಾಟಿದ ಮೇಲೆ ಬಂದು ಕೂತರಾಯಿತು.

"ಏನದು ಅಷ್ಟೊಂದು ನೋಡ್ತಿದ್ದೀಯ?" ಎಂದ ಗಂಡ ಟಿವಿಯಿಂದ ಕಣ್ಣು ತೆಗೆಯದೆ. "ತಪ್ಪಿದೆಯಾ?"

"ಇಲ್ಲ" ಎಂದಳು ಕೊಂಬಕ್ಕ. "ಇನ್ನೂ ಇಲ್ಲ."

ಕೆಂಪು ಪೆನ್ನಿಗೆ ಟೋಪಿ ಹಾಕಿ ಚೀಲದೊಳಗೆ, ಬ್ಯಾಟರಿಯ ಪಕ್ಕದಲ್ಲಿ, ಮಲಗಿಸಿದಳು.